ಸುಳ್ಯದ ಸ್ಪೀಡು

ಅಸ್ಕರಣ್ಣ ಬರುವುದಿಲ್ಲವಂತೆ ಎಂದು ಡೊಂಬಯ್ಯ ಫೋನಿನಲ್ಲಿ ಹೇಳಿದಾಗ ನಾನು ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಖೋ ಖೋ ಆಡಿಸುತ್ತಿದ್ದೆ. "ಎಂತ?" ಎಂದು ನಾನು ಕೂಗಿದ್ದಕ್ಕೆ ಮಕ್ಕಳು ಆಟ ನಿಲ್ಲಿಸಿ ನಿಂತುಬಿಟ್ಟರು. ಪಿ.ಟಿ. ಟೀಚರ್ ದಮಯಂತಿಗೆ, ಅಂದರೆ ನನಗೆ, ಸಿಟ್ಟು ಬಂದರೆ ಯಾಕೆ ಎಂದು ಕೇಳುವ ಧೈರ್ಯ ನಮ್ಮ ಹೆಡ್‌ಮಾಸ್ಟರಿಗೂ ಇಲ್ಲ.

ಸಿಟ್ಟು ಬಾರದೆ ಇನ್ನೇನು? ಭಾನುವಾರ ಪುತ್ತೂರಿಗೆ ನೈಟ್ ಫೆರಿ ಬರುವುದಿತ್ತು. ಮಂಗಳೂರಿನ ಈ ರಾಕ್ ಬ್ಯಾಂಡಿನ ಹೆಸರು ಘಟ್ಟದ ಮೇಲೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಸುಳ್ಯದಿಂದ ಕಡಬದವರೆಗೆ ಐವತ್ತು ದಾಟಿದವರನ್ನು ಕೇಳಿ ನೋಡಿ. ನಾವು ಕಾಲೇಜಿನಲ್ಲಿದ್ದಾಗ ಒಮ್ಮೆ ಸುಳ್ಯಕ್ಕೆ ಬಂದು, ಮೈದಾನದಲ್ಲಿ ಜನರೇಟರ್ ಇಟ್ಟುಕೊಂಡು, ಸಂಜೆಯಿಡೀ ಇಂಗ್ಲಿಷಿನಲ್ಲಿ ಹಾಡಿ ನಮ್ಮೆಲ್ಲರ ತಲೆ ಕೆಡಿಸಿ ಹೋದವರು ಅವರು. ಮನೆಗೆ ಬಂದ ಮೇಲೂ ನಾನು ಕುಣಿಯುತ್ತಿದ್ದುದನ್ನು ಕಂಡು, ಇವಳಿಗೆ ಏನೋ ಮೆಟ್ಟಿಕೊಂಡಿದೆ ಎಂದು ಮರ್ಕಂಜದ ನನ್ನಜ್ಜಿ ಮಂತ್ರಿಸಿದ ನೂಲು ಕಟ್ಟಿಸಿದ್ದರು. ನೂಲಿಗೆ ಅದು ಬಗ್ಗಲಿಲ್ಲ.

ಆಮೇಲೆ ಬ್ಯಾಂಡಿನವರು ದುಬೈ, ಮುಂಬೈ ಎಂದು ಚೆದುರಿಹೋದರು. ಅವರ ರೆಕಾರ್ಡು ನಮ್ಮ ಕಡೆಗೆ ಬರಲೇ ಇಲ್ಲ. ನಮಗೆ ಉಳಿದದ್ದು ಅಸ್ಕರಣ್ಣ ಅಂದು ಸ್ಟೇಜಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ ಒಂದು ಕ್ಯಾಸೆಟ್. ಆಗ ಅವರಿಗೆ ಸುಳ್ಯದಲ್ಲಿ ಕ್ಯಾಸೆಟ್ ಅಂಗಡಿ ಇತ್ತು. ಕೇಳಿದವರಿಗೆಲ್ಲ ಕಾಪಿ ಮಾಡಿಕೊಟ್ಟರು. ಜೀಪಿನಲ್ಲಿ, ಮದುವೆಯ ಚಪ್ಪರದಲ್ಲಿ, ಹಾಸ್ಟೆಲಿನಲ್ಲಿ ಅದೇ ಓಡಿತು. ಕೊಲ್ಲಮೊಗ್ರಿನ ಡೊಂಬಯ್ಯ ತೋಟಕ್ಕೆ ನುಗ್ಗಿದ ಆನೆಯನ್ನು ಓಡಿಸಲು ಅದನ್ನೇ ಜೋರಾಗಿ ಹಾಕುತ್ತಿದ್ದ. ಆನೆ ಹೋಗುತ್ತಿರಲಿಲ್ಲ, ನಿಂತು ಕೇಳುತ್ತಿತ್ತು ಎಂದು ಈಗಲೂ ಆಣೆ ಹಾಕುತ್ತಾನೆ. ಅದರಲ್ಲೂ ನಾವು ದೋಣಿ ಹಾಡು ಎಂದು ಕರೆಯುವ ಮೊದಲ ಹಾಡು! ಅದರ ಓಟವೇ ಓಟ. ಕೇಳಿದವರ ಕಾಲು ಸುಮ್ಮನಿರುವುದಿಲ್ಲ.

ಕ್ಯಾಸೆಟ್ಟಿನ ಕಾಲ ಮುಗಿದು ಅಸ್ಕರಣ್ಣ ಈಗ ಮೊಬೈಲ್ ಕವರ್ ಮಾರುತ್ತಾರೆ. ಆದರೂ ನಾಲ್ಕು ಜನರೆದುರು ಪರಿಚಯ ಮಾಡಿಸುವಾಗ ಎಲ್ಲರೂ "ಇವರು ನೈಟ್ ಫೆರಿ ಅಸ್ಕರ್" ಎನ್ನುತ್ತಾರೆ, ಅವರು ಸಣ್ಣಗೆ ನಗುತ್ತಾರೆ. ಆ ಹೆಸರೇ ಅವರ ಗಳಿಕೆ. ಅಂಥವರು ಬರುವುದಿಲ್ಲ ಎಂದರೆ?

ಶಾಲೆ ಬಿಟ್ಟ ಕೂಡಲೇ ಅವರ ಅಂಗಡಿಗೆ ಹೋದೆ. ಶಟರ್ ಅರ್ಧ ಇಳಿದಿತ್ತು.

"ಎಂತ ಅಸ್ಕರಣ್ಣ, ಹುಷಾರಿಲ್ವಾ?"

"ಇದನ್ನು ಕೇಳಿ ಟೀಚರ್," ಎಂದು ಫೋನು ಮುಂದೆ ಹಿಡಿದರು. ಕಾರ್ಯಕ್ರಮದ ಪ್ರಚಾರಕ್ಕೆಂದು ಬ್ಯಾಂಡಿನವರು ತಮ್ಮ ಹಳೆಯ ರೆಕಾರ್ಡನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ದೋಣಿ ಹಾಡೇ ಹೌದು. ಆದರೆ ಎಮ್ಮೆ ಹೊಳೆ ದಾಟುವ ಹಾಗೆ ಸಾಗುತ್ತಿತ್ತು. ಹಾಡುಗಾರ ಫೆಲಿಕ್ಸನ ತೆಳ್ಳಗಿನ ಚೂಪು ದನಿಯ ಜಾಗದಲ್ಲಿ ಯಾರದೋ ದಪ್ಪ ಗಂಟಲು.

"ನಿಮ್ಮ ಫೋನು ಹಾಳಾಗಿದೆ ಮಾರಾಯ್ರೆ."

"ಫೋನಲ್ಲ, ನನ್ನ ಕ್ಯಾಸೆಟ್ಟು. ಆ ದಿನ ಅವರಿಗೆ ಜನರೇಟರ್ ಇತ್ತು, ನಾನು ನನ್ನ ಟೇಪ್ ರೆಕಾರ್ಡರಿಗೆ ಪಕ್ಕದ ಮನೆಯಿಂದ ಕರೆಂಟು ಎಳೆದದ್ದು. ಆಗಿನ ಸುಳ್ಯದ ವೋಲ್ಟೇಜು ನಿಮಗೆ ಗೊತ್ತುಂಟಲ್ಲ, ಬಲ್ಬು ಬೀಡಿಯ ಹಾಗೆ ಉರೀತಿತ್ತು. ರೆಕಾರ್ಡ್ ಮಾಡುವಾಗ ಮೋಟರು ತೆವಳಿದ್ರೆ, ಮತ್ತೆ ಸರಿ ಮೆಷಿನಿನಲ್ಲಿ ಕೇಳುವಾಗ ಹಾಡು ಓಡ್ತದೆ. ದನಿಯೂ ಮೇಲೆ ಹೋಗ್ತದೆ."

"ನಾವೆಲ್ಲ ಅಲ್ಲೇ ಇದ್ದೆವಲ್ಲ, ನಮಗೆ ಗೊತ್ತಾಗ್ಲಿಲ್ವಾ?"

"ಅವರನ್ನು ಕೇಳಿದ್ದು ಒಂದು ಸಂಜೆ. ಕ್ಯಾಸೆಟ್ಟು ಕೇಳಿದ್ದು ಜೀವಮಾನ ಇಡೀ. ಕಿವಿ ಯಾವುದನ್ನು ನೆನಪಿಡ್ತದೆ ಹೇಳಿ." ಅವರು ಫೋನು ಬಂದ್ ಮಾಡಿದರು. "ಊರಿಗೆಲ್ಲ ಸುಳ್ಳು ಹಾಡು ಹಂಚಿದೆ ಟೀಚರ್. ಯಾವ ಮುಖ ಇಟ್ಕೊಂಡು ಅವರೆದುರು ಹೋಗಿ ಕೂರುದು?"

ನನಗೆ ಅಳು ಬಂತು. ನನಗೆ ಅಳು ಬಂದರೆ ಅದು ಬೈಗುಳವಾಗಿಯೇ ಹೊರಗೆ ಬೀಳುವುದು.

"ತಪ್ಪು ಮಾಡಿದವ ಶಟರ್ ಎಳೆದು ಅಡಗಿ ಕೂರುದಾ? ಬಂದು ಫೆಲಿಕ್ಸನ ಹತ್ರ ಮಾಪು ಕೇಳಿ. ಆಮೇಲೆ ಬೇಕಾದ್ರೆ ಜನ್ಮ ಇಡೀ ಒಳಗೇ ಕೂರಿ!"

ಅವರು ತಪ್ಪು ಮಾಡಿದ್ದಾರೆ ಎಂದು ನನಗೇನೂ ಅನ್ನಿಸಿರಲಿಲ್ಲ. ಬಾವಿಗೆ ಬಿದ್ದವರನ್ನು ಎಳೆಯಲು ಯಾವ ಹಗ್ಗವಾದರೇನು? ಅಸ್ಕರಣ್ಣ "ಅದು ನ್ಯಾಯ," ಎಂದರು.

ಭಾನುವಾರ ಡೊಂಬಯ್ಯನ ಜೀಪಿನಲ್ಲಿ ಪುತ್ತೂರಿಗೆ ಹೋದೆವು. ದರ್ಬೆಯ ಸಭಾಭವನದ ತುಂಬ ನರೆತವರು, ಬೋಳಾದವರು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದವರು. ಕಡಬದ ಒಂದು ತಂಡವಂತೂ ಹೊಟ್ಟೆಯ ಮೇಲೆ ಬಿಗಿಯುವ ಕಪ್ಪು ಟೀ ಶರ್ಟು ಹಾಕಿಕೊಂಡು ಬಂದಿತ್ತು. ಎಲ್ಲರೂ ಅಸ್ಕರಣ್ಣನ ಕೈಕುಲುಕಿದರು. ಒಬ್ಬೊಬ್ಬರು ಕುಲುಕಿದಾಗಲೂ ಅವರು ಇನ್ನಷ್ಟು ಕುಗ್ಗಿದರು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತರು. ನಾನೂ ಪಕ್ಕದಲ್ಲೇ ಕೂತೆ, ಎದ್ದು ಹೋದಾರೆಂದು.

ಫೆಲಿಕ್ಸ್ ಕೋಲೂರಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ಮೊದಲಿಗೇ ದೋಣಿ ಹಾಡು. ಗಿಟಾರು ಶುರುವಾದದ್ದೇ ಸಭೆಯಿಡೀ ಬಾಯಿ ತೆರೆಯಿತು. ಎರಡನೇ ಸಾಲಿಗೆ ನಾವು ಮುಂದೆ ಹೋಗಿಬಿಟ್ಟಿದ್ದೆವು. ಪಲ್ಲವಿ ಮುಗಿಸಿ ನಾವು ಆಚೆ ದಡದಲ್ಲಿ ನಿಂತರೆ ಬ್ಯಾಂಡು ಇನ್ನೂ ನಡುಹೊಳೆಯಲ್ಲಿತ್ತು.

ಫೆಲಿಕ್ಸ್ ಕೈಯೆತ್ತಿ ನಿಲ್ಲಿಸಿದರು. "ಎಂತ ಮಾರಾಯ್ರೆ, ನಿಮಗೆಲ್ಲ ಲಾಸ್ಟ್ ಬಸ್ಸು ಹಿಡೀಲಿಕ್ಕುಂಟಾ?"

ಎಲ್ಲರೂ ನಕ್ಕರು. ಮತ್ತೆ ಶುರುವಾಯಿತು. ಮತ್ತೆ ಅದೇ ಕಥೆ. ಈ ಸಲ ಫೆಲಿಕ್ಸ್ ನಗಲಿಲ್ಲ. "ಒಬ್ಬಿಬ್ಬರು ತಪ್ಪಿದ್ರೆ ಸರಿ. ಎಲ್ಲರೂ ಒಂದೇ ಹಾಗೆ ತಪ್ಪುದು ಹೇಗೆ? ಯಾರು ಕಲಿಸಿದ್ದು ನಿಮಗೆ ಇದನ್ನು?"

ಹಾಡು ಎಲ್ಲಿಂದ ಬಂದದ್ದೆಂದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಆದರೆ ಒಂದು ತಲೆಯೂ ಹಿಂದೆ ತಿರುಗಲಿಲ್ಲ. ಕಡಬದವರು ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಫ್ಯಾನು ನೋಡಿದೆ. ನಮ್ಮ ಊರಿನವರ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಪಕ್ಕದ ಕುರ್ಚಿ ಕಿರುಗುಟ್ಟಿತು. ಅಸ್ಕರಣ್ಣ ಎದ್ದು ನಿಂತಿದ್ದರು.

"ನಾನು ಸಾರ್. ಅಸ್ಕರ್. ಸುಳ್ಯ." ಕರೆಂಟಿನ ಕಥೆಯನ್ನು ತಡವರಿಸುತ್ತ ಹೇಳಿದರು. "ಇವರದ್ದೇನೂ ತಪ್ಪಿಲ್ಲ. ನಾನು ಕೊಟ್ಟದ್ದನ್ನು ಇವರು ಕಲಿತದ್ದು. ನಿಮ್ಮ ಹಾಡು ಹಾಳು ಮಾಡಿದವ ನಾನೇ. ಮಾಪು ಮಾಡ್ಬೇಕು."

ಇವರನ್ನು ಕರೆದುಕೊಂಡು ಬಂದ ನನ್ನನ್ನು ನಾನೇ ಬೈದುಕೊಂಡೆ. ಫೆಲಿಕ್ಸ್ ಕಣ್ಣು ಕಿರಿದು ಮಾಡಿ ಕತ್ತಲೆಯಲ್ಲಿ ಅವರನ್ನು ಹುಡುಕಿದರು.

"ನಾವು ಹಾಡುದು ಬಿಟ್ಟು ಮೂವತ್ತು ವರ್ಷ ದಾಟಿತು," ಎಂದರು. "ನಮ್ಮ ಮನೆಯವರಿಗೇ ಈ ಪದ್ಯ ಬರುದಿಲ್ಲ. ಇಲ್ಲಿ ಇಷ್ಟು ಜನರಿಗೆ ಬಾಯಿಪಾಠ ಉಂಟು. ನೀವು ಮಾಪು ಕೇಳ್ತಾ ಇದ್ದೀರಾ?" ಡ್ರಮ್ಮಿನವರ ಕಡೆಗೆ ತಿರುಗಿದರು. "ಇವರ ಕ್ಯಾಸೆಟ್ಟಿನ ಹಾಗೆ ಒಮ್ಮೆ ಬಾರ್ಸು, ನೋಡುವ."

ಡೊಂಬಯ್ಯ ಎದ್ದು ನಿಂತು ಅಂಗೈ ತಟ್ಟಿ ಸ್ಪೀಡು ತೋರಿಸಿಕೊಟ್ಟ. ಅಷ್ಟೇ ಬೇಕಾದದ್ದು. ಮಂಡಿನೋವು, ಬಿ.ಪಿ. ಎಲ್ಲ ಕುರ್ಚಿಯಲ್ಲೇ ಉಳಿದವು. ಫೆಲಿಕ್ಸ್ ಎರಡು ಸಾಲು ನಮ್ಮ ಸ್ವರದ ಎತ್ತರಕ್ಕೆ ಹಾಡಲು ನೋಡಿ, ಕೆಮ್ಮಿ, ನಗುತ್ತ ಮೈಕನ್ನು ನಮ್ಮ ಕಡೆಗೆ ಹಿಡಿದುಬಿಟ್ಟರು. ಅಸ್ಕರಣ್ಣ ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಹಾಡುತ್ತಿದ್ದರು. ಸ್ವರ ಎಲ್ಲೆಲ್ಲಿಗೋ ಹೋಗುತ್ತಿತ್ತು. ಹೋಗಲಿ, ನನಗೆ ಕುಣಿದು ಮುಗಿದಿರಲಿಲ್ಲ.

ಗಲಾಟೆ ಇಳಿದ ಮೇಲೆ ಫೆಲಿಕ್ಸ್ ಬೆವರು ಒರೆಸಿಕೊಂಡರು. "ಅಸ್ಕರ್ ಸಾಹೇಬ್ರೇ, ನಿಮ್ಮದು ಆಯ್ತಲ್ಲ. ಇನ್ನು ನಮ್ಮದನ್ನು ಒಮ್ಮೆ ಹಾಡುದಾ?"

ಈಗ ಸಭೆಯಿಡೀ ಹಿಂದೆ ತಿರುಗಿತು. ಅಸ್ಕರಣ್ಣ ಸ್ವಲ್ಪ ಯೋಚಿಸಿ, ಗಂಭೀರವಾಗಿ ತಲೆಯಾಡಿಸಿದರು.

ಬ್ಯಾಂಡು ಮೆಲ್ಲಗೆ ಶುರುಮಾಡಿತು. ಈ ಸಲ ಯಾರೂ ಬಾಯಿ ತೆರೆಯಲಿಲ್ಲ. ಓಟದಲ್ಲಿ ನಾನು ಅರ್ಥ ನೋಡದೆ ಬಾಯಿಪಾಠ ಮಾಡಿದ್ದ ಮಾತುಗಳು ಒಂದೊಂದಾಗಿ ಕೇಳಿಸಿದವು. ದೋಣಿ ಬಿಟ್ಟು ಹೋಗುತ್ತಿದೆ ಎಂದುಕೊಂಡೇ ನಾನು ಇಷ್ಟು ವರ್ಷ ಹಾಡಿದ್ದೆ. ಅದು ತಡವಾಗಿ ಬರುವ ಯಾರಿಗೋ ದಡದಲ್ಲಿ ಕಾಯುತ್ತಿತ್ತು. ಕಣ್ಣು ಒರೆಸಿಕೊಳ್ಳಲು ನನಗೆ ನಾಚಿಕೆಯಾಗಲಿಲ್ಲ.

ಕೊನೆಯ ಸಾಲು ಮುಗಿಯುವಾಗ ಅಸ್ಕರಣ್ಣ ನನ್ನ ಕಿವಿಯ ಹತ್ತಿರ ಬಾಗಿದರು.

"ಇದು ಸಹ ಅಡ್ಡಿಲ್ಲ ಟೀಚರ್," ಎಂದರು.