ಕೈ ಕಟ್ಟಿ ಕುಳಿತವಳು

ಅವಳ ಕೈಗಳು ಸುಮ್ಮನಿದ್ದುದನ್ನು ಕಂಡವರು ವಿರಳ. ನಮ್ಮೊಡನೆ ಮಾತನಾಡುತ್ತಲೇ ನಮ್ಮ ಅಂಗಿಯ ಕಾಲರು ಸರಿಪಡಿಸುವಳು, ಗೋಡೆಯ ಮೇಲೆ ವಾರೆಯಾದ ಪಟವನ್ನು ನೆಟ್ಟಗಾಗಿಸುವಳು, ಯಾರದೋ ಅಡುಗೆಮನೆಗೆ ನುಗ್ಗಿ ಕುದಿಯುವ ಪಾತ್ರೆಗೆ ಚಿಟಿಕೆ ಉಪ್ಪು ಉದುರಿಸಿ, "ಈಗ ಸರಿಹೋಯ್ತು ನೋಡಿ" ಎಂದು ಆ ಮನೆಯೊಡತಿಗೇ ಸಮಾಧಾನ ಹೇಳುವಳು. ನಡಿಗೆಯಲ್ಲೂ ಅಷ್ಟೇ, ದೇಹಕ್ಕಿಂತ ಕೈಗಳೇ ಮುಂದು. ಮನೆಯವರು ಅವಳನ್ನು ಚಡಪಡಿ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಇಂಥವಳು ತನ್ನ ಅತ್ತಿಗೆಯೊಡನೆ ಸೇರಿ, ನನ್ನ ಮನೆಯ ಕೆಳಗಿನ ಗ್ಯಾರೇಜನ್ನು ಬಾಡಿಗೆಗೆ ಹಿಡಿದು, ಏನನ್ನೂ ಬೆರೆಸದ, ಸೋಸದ, ದ್ರಾಕ್ಷಿಯ ಸಿಪ್ಪೆಗೆ ಅಂಟಿಬಂದ ಹುದುಗಿನಿಂದಲೇ ತಾನಾಗಿ ಹದಗೊಳ್ಳುವ ಬಿಳಿ ವೈನ್ ಮಾಡಹೊರಟಾಗ ನಾನು ಒಳಗೊಳಗೇ ನಕ್ಕಿದ್ದೆ. ಅತ್ತಿಗೆ ದೊಡ್ಡ ವೈನ್ ಕಾರ್ಖಾನೆಯ ಪ್ರಯೋಗಾಲಯ ಬಿಟ್ಟು ಬಂದ ಮಿತಭಾಷಿಣಿ; ಇವಳಿಗಿಂತ ತುಸುವೇ ದೊಡ್ಡವಳು. ಒಬ್ಬರು ಒಪ್ಪದೆ ಇನ್ನೊಬ್ಬರು ಟ್ಯಾಂಕಿಗೆ ಏನನ್ನೂ ಹಾಕುವಂತಿಲ್ಲ ಎಂಬುದು ಇಬ್ಬರ ಒಪ್ಪಂದ. ಮೊದಲ ವರ್ಷದ ಫಸಲೆಲ್ಲ ಆ ಒಂದೇ ಟ್ಯಾಂಕಿನಲ್ಲಿತ್ತು.

ಚಳಿ ಏಕಾಏಕಿ ಬಲಿತ ವಾರ ಟ್ಯಾಂಕಿನಲ್ಲಿ ಗುಳ್ಳೆ ಏಳುವುದು ನಿಂತುಹೋಯಿತು. ರಸದಲ್ಲಿ ಸಿಹಿ ಇನ್ನೂ ಉಳಿದಿತ್ತು, ಅಂದರೆ ಹುದುಗುವುದು ಅರ್ಧಕ್ಕೇ ನಿಂತಿತ್ತು. ಅತ್ತಿಗೆ ಮತ್ತೆ ಹುದುಗೆಬ್ಬಿಸಲು ಅಂಗಡಿಯ ಯೀಸ್ಟಿನ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು.

"ಹೀಗೇ ಬಿಟ್ರೆ ಪೂರ್ತಿ ಹುಳಿಯಾಗಿ ಹೋಗುತ್ತೆ ಕಣೇ. ಕಾರ್ಖಾನೇಲಿ ಕಣ್ಣಾರೆ ನೋಡಿದೀನಿ."

"ಸ್ವಲ್ಪ ಕಾಯೋಣ ಅತ್ತಿಗೆ. ಅದನ್ನ ಹಾಕಿದ್ರೆ ಉಳಿಯುತ್ತೆ, ಆದ್ರೆ ಎಲ್ಲರ ವೈನ್ ಥರಾನೇ ಆಗುತ್ತೆ."

ಮರುದಿನ ಮಧ್ಯಾಹ್ನ ನಾನು ಕೆಳಗಿಳಿದಾಗ ಅವಳು ಟ್ಯಾಂಕಿನೆದುರು ಸ್ಟೂಲಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯಡಿ ಅದುಮಿಟ್ಟುಕೊಂಡು ಕುಳಿತಿದ್ದಳು. ಮುಚ್ಚಳ ತೆರೆಯಬೇಕು, ಕದಡಬೇಕು, ಆ ಪೊಟ್ಟಣ ಹರಿಯಬೇಕು ಎಂಬ ತವಕವೆಲ್ಲ ಅವಳ ಭುಜಗಳಲ್ಲಿ ನಡುಗುತ್ತಿತ್ತು. "ಭಯ ಆಗ್ತಿದೆ," ಎಂದಳು, ನನ್ನತ್ತ ತಿರುಗದೆ. "ನನ್ನ ಹಟಕ್ಕೆ ಅತ್ತಿಗೇದೂ ಎಲ್ಲಾ ಹಾಳಾದ್ರೆ?" ಅಂದು ನಕ್ಕಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅತ್ತಿಗೆ ಪೊಟ್ಟಣವನ್ನು ಎತ್ತಿ ತನ್ನ ಚೀಲಕ್ಕೆ ಹಾಕಿದಳು. "ಚಳಿಗೆ ಸೊರಗಿರಬಹುದು. ಕಂಬಳಿ ಹೊದಿಸೋಣ ಏಳು. ಒಳಗೇನೂ ಹಾಕಿದ ಹಾಗಾಗಲ್ವಲ್ಲ."

ಇಬ್ಬರ ಮನೆಯ ಕಂಬಳಿಗಳೂ ಬಂದವು, ಸಾಲದ್ದಕ್ಕೆ ನನ್ನದೂ ಇಳಿಯಿತು. ಬಾಣಂತಿಗೂ ಅಷ್ಟು ಉಪಚಾರವಿರಲಿಕ್ಕಿಲ್ಲ. ಕಂಬಳಿಯ ಪುಣ್ಯವೋ, ಅದರದೇ ಮರ್ಜಿಯೋ, ಕೆಲವು ದಿನ ಕಳೆದು ಬಿಸಿಲು ಮರಳುವ ಹೊತ್ತಿಗೆ ಒಳಗೆ ಮೆಲ್ಲನೆ ಗುಳುಗುಳು ಶುರುವಾಯಿತು. ಅವಳು ಅತ್ತಿಗೆಯ ಹೆಗಲಿಗೆ ಹಣೆಯಿಟ್ಟು ಬಹಳ ಹೊತ್ತು ಅತ್ತಳು. ಕಡೆಗೆ ಶೀಶೆಗಿಳಿದ ವೈನು ಕೊಂಚ ಮಬ್ಬು, ಕೊಂಚ ಒರಟು. ನನಗಂತೂ ಎರಡನೆಯ ಲೋಟಕ್ಕೆ ಹಿಡಿಸಿತು.

ಎಲ್ಲದಕ್ಕೂ ಕೈಹಾಕುವವರನ್ನು ಅಧಿಕಪ್ರಸಂಗಿಗಳೆಂದು ಗೇಲಿ ಮಾಡುವುದು ನಮಗೆಲ್ಲ ಅಭ್ಯಾಸ. ಆದರೆ ಅವರಿಗೆ ಅಕ್ಕರೆ ತೋರಲು ತಿಳಿದಿರುವುದು ಅದೊಂದೇ ದಾರಿ. ಉದಾಸೀನರು ಯಾವುದನ್ನಾದರೂ ಅದರ ಪಾಡಿಗೆ ಬಿಟ್ಟು ಹಾಯಾಗಿ ನಿದ್ರಿಸಿಯಾರು. ಇಂಥವರು ಹಾಗೆ ಬಿಟ್ಟರೂ, ಪಕ್ಕದಲ್ಲೇ ಎಚ್ಚರವಾಗಿ ಕುಳಿತಿರುತ್ತಾರೆ.