ಎಡಗಡೆಯ ಕಚ್ಚು

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಶಾಂಭವಿಯ ಕಾರಿಗೆ ಬೇಸಿಗೆ ಬಂದರೆ ಸೋಮಾರಿತನ ಹಿಡಿಯುತ್ತಿತ್ತು. ಬಿಸಿಲಲ್ಲಿ ಚಿಕ್ಕಬಳ್ಳಾಪುರದ ಮನೆಗೆ ಹೊರಟರೆ, ಹೆಸರಿಗೆ ಟರ್ಬೊ ಕಾರು, ಮಂಚೇನಹಳ್ಳಿ ಆಚೆಯ ಏರಿನಲ್ಲಿ ಮುದಿ ಎತ್ತಿನ ಹಾಗೆ ಏದುಸಿರು ಬಿಡುತ್ತಿತ್ತು. ಟರ್ಬೊ ಎಂಜಿನ್ನಿಗೆ ಒತ್ತಿ ಕಳಿಸುವ ಗಾಳಿ ಕಾದಿರುತ್ತದೆ. ಅದನ್ನು ತಣ್ಣಗೆ ಮಾಡಬೇಕಾದ ಇಂಟರ್‌ಕೂಲರ್ ಬಂಪರಿನ ಹಿಂದೆ ದಂಡಕ್ಕೆ ಕೂತಿತ್ತು. ಗ್ಯಾರೇಜಿನವರು ದೊಡ್ಡದು ಹಾಕಿಸಿ ಮೇಡಂ ಎಂದರು. ಕಾರಣ ನೋಡದೆ ಉತ್ತರ ಹೇಳುವವರನ್ನು ಕಂಡರೆ ಶಾಂಭವಿಗೆ ಮೈ ಉರಿಯುತ್ತಿತ್ತು.

ಮೇಲೂರಿನಿಂದ ಒಂದು ಹಿಡಿ ರೇಷ್ಮೆ ನೂಲು ತಂದು, ತುಂಡು ಮಾಡಿ ಇಂಟರ್‌ಕೂಲರಿನ ಮುಖಕ್ಕೆಲ್ಲ ಅಂಟಿಸಿದಳು. ಚಿಕ್ಕಪ್ಪನ ಮಗ ಗಣೇಶ್ ಪ್ರಸಾದ್ ಗ್ರಿಲ್ಲಿನೊಳಗೆ ಫೋನು ಕಟ್ಟಿ ವಿಡಿಯೊ ತೆಗೆದ. ಕಾರು ಓಡುವಾಗ ನೂಲಿನ ತುಂಡುಗಳು ನೇರ ಹಿಂದಕ್ಕೆ ಬಾಗಬೇಕಿತ್ತು. ಎಲ್ಲವೂ ಪಕ್ಕಕ್ಕೆ ಹಾರುತ್ತಿದ್ದವು. ಬಂದ ಗಾಳಿ ಇಂಟರ್‌ಕೂಲರಿನ ಒಳಗೆ ಹೋಗುವ ಬದಲು ಅಕ್ಕಪಕ್ಕದ ಸಂದಿಯಲ್ಲಿ ನುಸುಳಿ ಪರಾರಿಯಾಗುತ್ತಿತ್ತು.

ಶಾಂಭವಿ ರಟ್ಟು ಕತ್ತರಿಸಿ, ಮಡಿಸಿ, ಎಸೆದು, ಮತ್ತೆ ಕತ್ತರಿಸಿ, ಗಾಳಿಯನ್ನು ನೇರ ಒಳಗೆ ನುಗ್ಗಿಸುವ ಒಂದು ಬಾಯಿ ಮಾಡಿದಳು. ಅದರ ಅಳತೆಗೆ ಅಲ್ಯೂಮಿನಿಯಂ ತಗಡು ಬಂತು, ಸಂದಿಗಳಿಗೆ ಸ್ಪಂಜು ಬಂತು, ಬಿಸಿಗಾಳಿ ಹೊರಗೆ ಹೋಗಲು ಕೆಳಗೊಂದು ದಾರಿ ಆಯಿತು. ಗಣೇಶ ತಗಡು ಕತ್ತರಿಸಿದ, ಬೋಲ್ಟು ಬಿಗಿದ. ಕೆಲಸದಲ್ಲಿ ಅವನು ಕಳ್ಳನಲ್ಲ, ಅಷ್ಟು ಹೇಳಲೇಬೇಕು.

ಎಡಗಡೆ ಮಾತ್ರ ಆ ಬಾಯಿ ಕೂರಲಿಲ್ಲ. ಹಿಂದಿನ ವರ್ಷ ಮೇಲೂರಿನ ದಾರಿಯಲ್ಲಿ ಗಣೇಶ ಇದೇ ಕಾರನ್ನು ಕಲ್ಲಿಗೆ ಗುದ್ದಿದ್ದ. ಒಳಗಿನ ಕಬ್ಬಿಣ ಬಾಗಿತ್ತು. ಅವತ್ತು ಅವನು ದೊಡ್ಡಪ್ಪಂಗೆ ಹೇಳಬೇಡ ಎಂದು ಗೋಗರೆದಿದ್ದಕ್ಕೆ, ಗುದ್ದಿದ್ದು ನಾನೇ ಎಂದು ಶಾಂಭವಿ ಅಪ್ಪನ ಕೈಲಿ ಬೈಸಿಕೊಂಡಿದ್ದಳು. ಆ ಸೊಟ್ಟ ಕಬ್ಬಿಣಕ್ಕೆ ಜಾಗ ಬಿಡಲು ತಗಡಿನಲ್ಲಿ ಎರಡು ಬೆರಳಗಲದ ಕಚ್ಚು ಹೊಡೆದು, ಉಳಿದ ಸಂದಿಗೆ ಸ್ಪಂಜು ತುರುಕಿದಳು.

ಮರುದಿನ ಕಾರು ಏರನ್ನು ಆಟವಾಡಿಕೊಂಡು ಹತ್ತಿತು. ಮುಂದಿನ ತಿಂಗಳು ಚಿಂತಾಮಣಿಯಲ್ಲಿ ಕಾರು ಹುಚ್ಚಿನವರೆಲ್ಲ ಸೇರುವ ಭಾನುವಾರ ಇಬ್ಬರ ಹೆಸರಿನಲ್ಲೂ ತೋರಿಸೋಣ, ಅಲ್ಲಿವರೆಗೆ ಯಾರಿಗೂ ಹೇಳುವುದು ಬೇಡ ಎಂದವನು ಗಣೇಶನೇ. ಶಾಂಭವಿ ಸಹೋದ್ಯೋಗಿಗಳಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಳು.

ಆ ಭಾನುವಾರ ಇಬ್ಬರೂ ಅವಳ ಕಾರಿನಲ್ಲೇ ಹೋದರು. ಗಣೇಶ ಟೀ ತರಲು ಹೋದಾಗ ಅವಳು ಪಕ್ಕದಲ್ಲಿದ್ದ ಅದೇ ಮಾಡೆಲಿನ ಕೆಂಪು ಕಾರಿನ ಗ್ರಿಲ್ಲಿನೊಳಗೆ ಸುಮ್ಮನೆ ಬಗ್ಗಿ ನೋಡಿದಳು. ಒಳಗೆ ಅವಳ ತಗಡಿನದೇ ನಕಲು. ಅದೇ ಮಡಿಕೆ, ಅದೇ ಇಳಿಜಾರು, ಎಡಗಡೆ ಅದೇ ಕಚ್ಚು. ಹಿಂದಿನ ಕಬ್ಬಿಣ ಮಾತ್ರ ನೆಟ್ಟಗಿತ್ತು. ಆ ಕಾರಿಗೆ ಕಚ್ಚೇ ಬೇಕಿರಲಿಲ್ಲ.

ಕಾರಿನ ಯಜಮಾನ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿ ವಾಸಿಫ್. ಇದನ್ನು ಯಾರು ಮಾಡಿದ್ದು ಎಂದು ಕೇಳಿದ್ದೇ ತಡ, ಹೆಮ್ಮೆಯಿಂದ ಶುರುಮಾಡಿದ.

"ಚಿಕ್ಕಬಳ್ಳಾಪುರದ ಗಣೇಶ್ ಪ್ರಸಾದ್ ಅಂತ ಮೇಡಂ, ಅವರು ಮಾಡಿಕೊಟ್ರು, ಎಲ್ಲಾ ಅವರದೇ ತಲೆ. ಯಾರೋ ಅಕ್ಕ ಇದ್ದಾರಂತೆ, ಟ್ರಯಲ್‌ಗೆ ಕಾರು ಕೊಟ್ಟಿದ್ರಂತೆ."

ಯಾರೋ ಅಕ್ಕ. ತಗಡನ್ನು ನಕಲು ಮಾಡಿದರೆ ಮಾಡಲಿ, ಇನ್ನೊಂದು ಯೋಚಿಸಬಹುದು. ಅವಳು ಎತ್ತಿ ಆಡಿಸಿದ ಹುಡುಗ ಅವಳನ್ನೇ ಯಾರೋ ಒಬ್ಬಳನ್ನಾಗಿ ಮಾಡಿಬಿಟ್ಟಿದ್ದ.

ಟೀ ಹಿಡಿದು ಬಂದ ಗಣೇಶ ಅವಳ ಮುಖ ನೋಡಿ ಎಲ್ಲ ತಿಳಿದುಕೊಂಡ. ಪಕ್ಕಕ್ಕೆ ಕರೆದು, ನನಗೆ ಹೆಸರು ಬಂದರೆ ನಿನಗೂ ಬಂದಂತೆ ಅಲ್ಲವಾ, ಪಾಠ ಮಾಡುವವಳಿಗೆ ಇದೆಲ್ಲ ಯಾಕೆ ಎಂದು ಬೆಣ್ಣೆ ಹಚ್ಚಿದ. ಅಷ್ಟಕ್ಕೇ ಅವಳು ಒಪ್ಪಿದಳು ಎಂದುಕೊಂಡನೋ ಏನೋ, ದನಿ ತಗ್ಗಿಸಿ ಕೇಳಿದ.

"ಅಕ್ಕ, ಎಡಗಡೆ ಆ ಕಚ್ಚು ಯಾಕೆ ಇಟ್ಟೆ? ಎಲ್ಲಾರೂ ಕೇಳ್ತಾರೆ, ನಂಗೆ ಹೇಳಕ್ಕೆ ಬರ್ತಿಲ್ಲ."

ಅವನಿಗೆ ನೆನಪಾದೀತೇನೋ ಎಂದು ಶಾಂಭವಿ ಕಾದಳು. ಅವನು ಉತ್ತರಕ್ಕಾಗಿ ಅವಳ ಬಾಯನ್ನೇ ನೋಡುತ್ತಿದ್ದ. ನಿಜವಾಗಿಯೂ ಮರೆತಿದ್ದ.

ಅವಳು ತನ್ನ ಕಾರಿನಿಂದ ಸ್ಪಂಜಿನ ತುಂಡು ತಂದು, ಕೆಂಪು ಕಾರಿನ ಮುಂದೆ ಮಂಡಿಯೂರಿ, ಗ್ರಿಲ್ಲಿನೊಳಗೆ ಕೈಹಾಕಿ ಆ ಕಚ್ಚನ್ನು ಮುಚ್ಚಿದಳು.

"ಇದು ನಿಮ್ಮ ಕಾರಿಗೆ ಬೇಕಿಲ್ಲ, ಗಾಳಿ ಸೋರುತ್ತೆ," ಎಂದು ವಾಸಿಫನಿಗೆ, ಸುತ್ತ ನಿಂತವರಿಗೂ ಕೇಳುವ ಹಾಗೆ ಹೇಳಿದಳು. "ಇದನ್ನ ನಾನು ನನ್ನ ಕಾರಿಗೆ ಅಂತ ಹೊಡೆದಿದ್ದು. ನನ್ನ ತಮ್ಮ, ಇದೇ ಗಣೇಶ, ಮೇಲೂರಲ್ಲಿ ಅದನ್ನ ಕಲ್ಲಿಗೆ ಗುದ್ದಿ ಒಳಗಿನ ಕಬ್ಬಿಣ ಸೊಟ್ಟ ಮಾಡಿದ್ದ, ಅದಕ್ಕೆ."

ಶಾಂಭವಿ ಕಾರು ಹತ್ತಿದಾಗ ಗಣೇಶ ಓಡಿಬಂದು ಬಾಗಿಲಿಗೆ ಕೈಯಿಟ್ಟ. ಅವಳ ಕಣ್ಣು ತುಂಬಿತ್ತು. ಕಿಟಕಿ ಒಂದಿಷ್ಟು ಇಳಿಸಿದಳು.

"ನಿನ್ನ ಗಿರಾಕಿ ಕಾರಲ್ಲಿ ಬಾರಪ್ಪ. ಅಪ್ಪಂಗೆ ಕಲ್ಲಿನ ವಿಷಯ ಇವತ್ತು ಹೇಳ್ತೀನಿ."