ಉಣ್ಣೆ ಹಿಡಿಯುವ ಉಣ್ಣೆ

ನಾನು ಒಂದು ಉಣ್ಣೆ ಬಟ್ಟೆ. ಉದ್ದ ಒಂದೂವರೆ ಗಜ, ಅಗಲ ಒಂದು ಗಜ, ಬಣ್ಣ ಬಿಳಿ. ಈಗಿನ ಬಣ್ಣ ಕೇಳಬೇಡಿ, ಹೇಳಲು ನನಗೇ ಹೇಸಿಗೆ.

ಕುರಿಯ ಮೈಮೇಲೆ ಬೆಳೆದೆ, ಗಿರಣಿಯಲ್ಲಿ ನೇಯಿಸಿಕೊಂಡೆ. ನನ್ನ ಜೊತೆ ಒಂದೇ ಥಾನಿನಲ್ಲಿ ಹುಟ್ಟಿದ ತುಂಡುಗಳಲ್ಲಿ ಒಂದು ಯಾವನೋ ಮದುಮಗನ ಹೆಗಲೇರಿತು, ಇನ್ನೊಂದು ತೊಟ್ಟಿಲು ಸೇರಿತು. ನನ್ನನ್ನು ಕೊಂಡವರು ಶರಾವತಿ ಹಿನ್ನೀರಿನ ಕಡೆಯ ಒಂದು ಕಾಯಿಲೆ ಪತ್ತೆ ಕಚೇರಿಯವರು. ಪೊಟ್ಟಣ ಬಿಚ್ಚಿದ ದಿನ ಕೆರಿಯಪ್ಪ ಎಂಬ ಸಿಬ್ಬಂದಿ ನನ್ನನ್ನು ಕೈಯಲ್ಲಿ ಹಿಡಿದು, "ಅಂತೂ ಉಣ್ಣೆ ಬಟ್ಟೆ ಬಂತು ಮಾರಾಯ್ರಾ" ಎಂದ. ನನ್ನ ಕುಲವನ್ನು ಗುರುತಿಸಿದನಲ್ಲ ಎಂದು ನಾನು ಉಬ್ಬಿಹೋದೆ.

ಮರುದಿನವೇ ಜಂಬ ಇಳಿಯಿತು. ಕಾಡಿನಲ್ಲಿ ದನಕ್ಕೆ, ಮಂಗಕ್ಕೆ, ಮನುಷ್ಯನಿಗೆ ಅಂಟಿಕೊಂಡು ರಕ್ತ ಹೀರುವ ಹುಳುವೊಂದಿದೆ. ಊರವರ ಬಾಯಲ್ಲಿ ಅದು ಉಣುಗು. ಸರ್ಕಾರದ ಕಾಗದದಲ್ಲಿ ಅದರ ಹೆಸರೂ ಉಣ್ಣೆ! ಕೆರಿಯಪ್ಪ ಹೇಳಿದ್ದು ನನ್ನ ಕುಲವನ್ನಲ್ಲ, ಆ ಹುಳುವಿನ ಹೆಸರನ್ನು. ನಾನು ಅದನ್ನು ಹಿಡಿಯುವ ಬಟ್ಟೆ. ಇಷ್ಟು ದೊಡ್ಡ ಕನ್ನಡದಲ್ಲಿ ಆ ದರಿದ್ರ ಹುಳುವಿಗೆ ನನ್ನ ಹೆಸರೇ ಬೇಕಿತ್ತೇ?

ಕೆಲಸ ಇಷ್ಟೇ. ನನ್ನ ಒಂದು ಅಂಚಿಗೆ ಕೋಲು ಕಟ್ಟಿ, ಕೋಲಿಗೆ ಹಗ್ಗ ಕಟ್ಟಿ ಕೆರಿಯಪ್ಪ ನನ್ನನ್ನು ಕಾಡಿನಲ್ಲಿ ಉದುರಿ ಒಣಗಿದ ದರಗೆಲೆಯ ಮೇಲೆ ಎಳೆಯುತ್ತಾನೆ. ಯಾವುದೋ ಪ್ರಾಣಿ ಬಂತೆಂದು ಹುಳುಗಳು ನನ್ನನ್ನು ಹತ್ತುತ್ತವೆ. ಹತ್ತು ಹೆಜ್ಜೆಗೊಮ್ಮೆ ಮಗುಚಿ ಹಾಕಿ, ಚಿಮುಟದಲ್ಲಿ ಕಿತ್ತು ಸೀಸೆಗೆ ತುಂಬಿ, ದಾಖಲೆ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಾನೆ. ಮರಿಗಳು ರಾಗಿಕಾಳಿನಷ್ಟು. ಎಂಟು ಕಾಲು ಆಡಿಸುತ್ತಾ ನನ್ನ ನೂಲಿನ ಸಂದಿಯಲ್ಲಿ ನುಸುಳುವಾಗ, ಛೀ, ಮೈಯೆಲ್ಲ ಝುಂ ಎನ್ನುತ್ತದೆ. ರಕ್ತ ಕುಡಿದು ಹರಳುಬೀಜದಷ್ಟು ಊದಿ ದನದ ಮೈಯಿಂದ ಉದುರಿದ್ದೊಂದು ಒಮ್ಮೆ ನನ್ನ ಅಡಿ ಸಿಕ್ಕಿ ಒಡೆಯಿತು. ಆ ಕಲೆ ಏಳು ಸಲ ಕುದಿಸಿದರೂ ಹೋಗಲಿಲ್ಲ.

ಸಂಜೆ ಆ ಲೆಕ್ಕ ರೆಹನಾ ಮೇಡಂ ಮೇಜಿಗೆ ಹೋಗುತ್ತದೆ. ಅವರು ನಕ್ಷೆ ಮಾಡುವವರು. ಕಾಡು ಎಷ್ಟು ದಟ್ಟ, ದನ ಎಲ್ಲಿ ಮೇಯುತ್ತವೆ, ಮಂಗ ಎಲ್ಲಿ ಸತ್ತಿತು, ಬಟ್ಟೆಗೆ ಎಷ್ಟು ಹುಳು ಹತ್ತಿತು, ಎಲ್ಲ ಸೇರಿಸಿ ಹುಳು ಎಲ್ಲೆಲ್ಲಿ ಇರಬಹುದೆಂದು ಬಣ್ಣ ಹಚ್ಚುತ್ತಾರೆ. ಇರುವ ಕಡೆ ಕೆಂಪು, ಇಲ್ಲದ ಕಡೆ ಬಿಳಿ. ಕೆಂಪು ಊರುಗಳಿಗೆ ಮೈಗೆ ಹಚ್ಚುವ ಎಣ್ಣೆ ಮೊದಲು ಹೋಗುತ್ತದೆ. ಆ ಎಣ್ಣೆ ಹಚ್ಚಿದವರಿಗೆ ಹುಳು ಹತ್ತುವುದಿಲ್ಲ, ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಬರುವುದಿಲ್ಲ. ಇಷ್ಟು ಒಳ್ಳೆಯ ಕೆಲಸವಲ್ಲವೇ ಎಂದು ನಾನೂ ಮೂಗು ಮುಚ್ಚಿಕೊಂಡು ಸಹಿಸಿದೆ.

ಹೀಗಿರುವಾಗ ಹೆಬ್ಬಲಸೆಯ ಚೌಡಿ ಬನದ ಸರದಿ ಬಂತು. ಹೆಬ್ಬಲಸೆ ಕೆರಿಯಪ್ಪನ ಅಕ್ಕ ಗುತ್ಯಮ್ಮನನ್ನು ಕೊಟ್ಟ ಊರು. ಬನವೆಂದರೆ ದೇವರ ಕಾಡು, ಇದು ಊರ ದೇವತೆ ಚೌಡಿಯದು. ಒಂದು ಕಡ್ಡಿ ಮುರಿಯುವಂತಿಲ್ಲ, ಚಪ್ಪಲಿ ಮೆಟ್ಟಿ ಕಾಲಿಡುವಂತಿಲ್ಲ. ಕೆರಿಯಪ್ಪನ ಕಾಲಲ್ಲಿ ಮೊಣಕಾಲುದ್ದದ ಗಂಬೂಟು. ಬನದ ಬಾಯಲ್ಲಿ ನಿಂತು, ತಲೆ ಕೆರೆದುಕೊಂಡು, ಜೀಪಿನ ಡ್ರೈವರ್‌ಗೆ ಹೇಳಿದ: "ಬೂಟು ಬಿಚ್ಚಿ ಹೋದ್ರೆ ಉಣುಗು ಕಚ್ತದೆ. ಹಾಕ್ಕಂಡು ಹೋದ್ರೆ ಚೌಡಿ ಕಚ್ತಾಳೆ. ಎಂತ ಮಾಡದು?"

"ಪುಸ್ತಕದಲ್ಲಿ ಖಾಲಿ ಬಿಡು" ಎಂದ ಡ್ರೈವರ್.

"ಖಾಲಿ ಬಿಟ್ರೆ ಮೇಲಿಂದ ಫೋನ್ ಬರ್ತದೆ ಮಾರಾಯ."

ಆಮೇಲೆ ಅವನು ಮಾಡಿದ್ದು ಕೇಳಿ. ಬನದ ಹೊರಗಿನ ಮಣ್ಣು ರಸ್ತೆಯಲ್ಲಿ ನನ್ನನ್ನು ಹತ್ತು ಹೆಜ್ಜೆ ಎಳೆದ. ಮಗುಚಿ ನೋಡಿದ. ಧೂಳು, ಹಳೆಯ ಕಲೆ ಬಿಟ್ಟರೆ ನಾನು ಬೆಳ್ಳಗಿದ್ದೆ. "ಚೌಡಿ ಬನ, ನೂರು ಹೆಜ್ಜೆ, ಉಣ್ಣೆ ೦" ಎಂದು ಬರೆದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ಎಳೆದು ತಂದ ಹುಳುಗಳು ಕೊಡದ ಅಸಹ್ಯವನ್ನು ಆ ಒಂದು ಸೊನ್ನೆ ಕೊಟ್ಟಿತು.

ನಕ್ಷೆ ಕಚೇರಿಯ ಗೋಡೆಗೆ ಬಂತು. ಸುತ್ತ ಕೆಂಪು, ನಡುವೆ ಹೆಬ್ಬಲಸೆ ಹೊಸ ಪಂಚೆಯಂತೆ ಬಿಳಿ. ಒಂದು ಸೋಮವಾರ ಗುತ್ಯಮ್ಮ ಬಂದಳು. ಬನದ ಅಂಗಳ ಗುಡಿಸುವ ಹರಕೆ ಅವಳದು, ಪ್ರತಿ ಮಂಗಳವಾರ, ಬರಿಗಾಲಲ್ಲಿ.

"ತಮ್ಮಾ, ಒಂದು ಸೀಸೆ ಎಣ್ಣೆ ಕೊಡಾ. ನಾಳೆ ಬನ ಗುಡ್ಸಕೆ ಹೋಗ್ಬೇಕು."

ಕೆರಿಯಪ್ಪ ಗೋಡೆಯತ್ತ ಬೆರಳು ತೋರಿಸಿದ. "ಕಾಣು ಅಕ್ಕಾ, ನಿಮ್ಮೂರು ಬಿಳಿ. ಅಲ್ಲಿ ಉಣುಗು ಇಲ್ಲ. ಇರ ಎಣ್ಣೆ ಕೆಂಪೂರಿಗೇ ಸಾಕಾಗದಿಲ್ಲ."

ಅವನು ನಾಟಕವಾಡುತ್ತಿರಲಿಲ್ಲ, ಅದೇ ನನಗೆ ವಾಕರಿಕೆ ತಂದದ್ದು. ತಾನೇ ಬರೆದ ಸುಳ್ಳಿಗೆ ಯಾರೋ ಬಣ್ಣ ಹಚ್ಚಿ ಗೋಡೆಗೆ ಹಾಕಿದ ಮೇಲೆ ಅವನೇ ಅದನ್ನು ನಂಬಿಬಿಟ್ಟಿದ್ದ. ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದ ನನಗೆ ಬಾಯಿ ಇರಲಿಲ್ಲ. ಗುತ್ಯಮ್ಮ ಬರಿಗೈಯಲ್ಲಿ ಹೋದಳು.

ಎರಡು ವಾರಕ್ಕೆ ಅವಳಿಗೆ ಜ್ವರ. ಕಣ್ಣು ಕೆಂಡ, ಒಸಡಲ್ಲಿ ರಕ್ತ. ಜಿಲ್ಲಾ ಆಸ್ಪತ್ರೆಯಲ್ಲಿ ಹದಿನಾರು ದಿನ ಮಲಗಿದಳು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದೇ ಬಂತು. ರೆಹನಾ ಮೇಡಂ ದಾಖಲೆ ಪುಸ್ತಕ ಹಿಡಿದು ಕೆರಿಯಪ್ಪನ ಎದುರು ಕೂತರು.

"ಬಿಳಿ ಜಾಗದಲ್ಲಿ ಇದು ಹೇಗೆ ಬಂತು ಕೆರಿಯಪ್ಪ?"

ಅವನು ಬೂಟು ನೋಡುತ್ತಾ ಎಲ್ಲವನ್ನೂ ಹೇಳಿದ. ಮೇಡಂ ಕೂಗಾಡಲಿಲ್ಲ. "ಸೊನ್ನೆ ಅಂದ್ರೆ ಅಲ್ಲಿ ಹುಳು ಇರ್ಲಿಲ್ಲ ಅಂತ. ಖಾಲಿ ಅಂದ್ರೆ ಅಲ್ಲಿ ನಾವು ಇರ್ಲಿಲ್ಲ ಅಂತ. ಇದೊಂದು ವ್ಯತ್ಯಾಸ ನಿಮಗೆ ಗೊತ್ತಿರ್ಲಿಲ್ವಾ?" ಎಂದರು.

ಗುತ್ಯಮ್ಮ ಬದುಕಿ ಬಂದಳು. ಕಡ್ಡಿಯಾಗಿದ್ದಳು, ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಕೆರಿಯಪ್ಪ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವಳ ಜಗುಲಿಗೆ ಹೋದ. ತಾನು ಮಾಡಿದ್ದನ್ನು ಹೇಳಿ ಅತ್ತ. ಅವಳು ಸಮಾಧಾನ ಮಾಡಲಿಲ್ಲ.

"ಚೌಡಿಗೆ ಹೆದ್ರಿ ಒಳಗೆ ಹೋಗ್ಲಿಲ್ಲ, ಸರಿ. ಅವಳ ಬನದ ಹೆಸ್ರಲ್ಲಿ ಸುಳ್ಳು ಬರಿಯಕೆ ಹೆದ್ರಿಕೆ ಆಗ್ಲಿಲ್ವನಾ ನಿಂಗೆ?" ಎಂದಳು. ಆಮೇಲೆ, "ನಾ ಗುಡ್ಸ ದಾರೀಲೇ ಈ ಬಟ್ಟೆ ಎಳಿ, ಹೋಗು" ಎಂದು ಬನದ ಕಡೆ ಕೈ ತೋರಿಸಿದಳು.

ಅವನು ತೊಡೆಯವರೆಗೆ ಎಣ್ಣೆ ಬಳಿದುಕೊಂಡ. ಬನದ ಬಾಯಲ್ಲಿ ಬೂಟು ಬಿಚ್ಚಿಟ್ಟ. ಕೈಮುಗಿದು ನನ್ನನ್ನು ಒಳಗೆ ಎಳೆದ. ನನ್ನ ಜನ್ಮದಲ್ಲಿ ಅಷ್ಟು ಹುಳು ಕಂಡಿರಲಿಲ್ಲ. ಮೊದಲ ಹತ್ತು ಹೆಜ್ಜೆಗೇ ನನ್ನ ಮೈಮೇಲೆ ರಾಗಿ ಚೆಲ್ಲಿದಂತಾಯಿತು. ಅವನು ಒಂದೊಂದನ್ನೂ ಗಟ್ಟಿಯಾಗಿ ಎಣಿಸುತ್ತಾ ಕಿತ್ತ. ನೂರು ಹೆಜ್ಜೆಗೆ ನೂರ ಅರವತ್ತೊಂದು. ಅವನ ಹಿಮ್ಮಡಿಯಲ್ಲೂ ಒಂದು ಸಿಕ್ಕಿತು. ಎಣ್ಣೆ ಅಲ್ಲಿಗೆ ತಾಗಿರಲಿಲ್ಲ. ಅದನ್ನೂ ಕಿತ್ತು ಬೇರೆ ಸೀಸೆಗೆ ಹಾಕಿದ. ಮುಂದಿನ ಎರಡು ವಾರ ಪ್ರತಿ ಬೆಳಿಗ್ಗೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಜ್ವರ ಬರಲಿಲ್ಲ.

ಹೆಬ್ಬಲಸೆ ಕೆಂಪಾಯಿತು. ಬನದ ಬಾಯಲ್ಲಿ ಚಪ್ಪಲಿ ಬಿಡುವ ಕಲ್ಲಿನ ಪಕ್ಕ ಈಗ ಒಂದು ಎಣ್ಣೆ ಸೀಸೆ ನೇತಾಡುತ್ತದೆಯಂತೆ. ಗುತ್ಯಮ್ಮನ ಕೈಗೆ ಪೊರಕೆ ಹಿಡಿಯುವ ಬಲ ಇನ್ನೂ ಬಂದಿಲ್ಲ. ಮಂಗಳವಾರ ರಜೆ ಹಾಕಿ ಅವಳ ಹರಕೆಯನ್ನು ಕೆರಿಯಪ್ಪ ತೀರಿಸುತ್ತಾನೆ, ಬರಿಗಾಲಲ್ಲಿ.

ನಾನು ಅಂಚು ಹರಿದು, ಕುದಿದು ಕುದಿದು ಚಿಂದಿಬಟ್ಟೆಯಾಗಿ ಕಚೇರಿಯ ತಗಡಿನ ಪೆಟ್ಟಿಗೆಯಲ್ಲಿ ಬಿದ್ದಿದ್ದೇನೆ. ನನ್ನ ಮೇಲೆ ಆ ಹಳೆಯ ದಾಖಲೆ ಪುಸ್ತಕ. ಅದರಲ್ಲಿ ಒಂದು ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆರಿಯಪ್ಪನ ಸೊಟ್ಟ ಅಕ್ಷರದಲ್ಲಿ "ಒಳಗೆ ಹೋಗಿಲ್ಲ" ಎಂದು ಬರೆದಿದೆ, ಕೆಳಗೆ ರುಜು. ಹೊಸ ಬಟ್ಟೆ ಬಂದಿದೆ. ಮೊಳೆಗೆ ನೇತುಕೊಂಡು ನನ್ನ ಕಲೆಗಳನ್ನು ಕಂಡು ಮೂಗು ಮುರಿಯುತ್ತದೆ. ಮುರಿಯಲಿ. ಉಳಿದ ಕಲೆ ಹೇಸಿಗೆಯೇ ಇರಲಿ, ಆ ನೂರ ಅರವತ್ತೊಂದರ ಕಲೆ ನನಗೆ ಈಗ ಹೇಸಿಗೆಯಲ್ಲ. ಆ ದಿನ ಬನದ ಹೊರಗೆ ಒಂದು ಹೊಸ ಚುಕ್ಕೆಯೂ ಇಲ್ಲದೆ ಬೆಳ್ಳಗಿದ್ದೆನಲ್ಲ, ಅದನ್ನು ನೆನೆದರೆ ಇಂದಿಗೂ ಥೂ ಎನ್ನಿಸುತ್ತದೆ.